ಹವಳಕ್ಕೆ ಬೆಳಕೆಷ್ಟು ಬೇಕು?

ಭೂಗೋಳಶಾಸ್ತ್ರವನ್ನು ಐಚ್ಛಿಕ ವಿಷಯವನ್ನಾಗಿ ಆರಿಸಿಕೊಂಡ ನಮ್ಮಂಥವರಿಗೆಲ್ಲ ಹವಳದ ದಿಬ್ಬಗಳ ಪಾಠ ಪರಿಚಿತವೇ. ದಂಡೆಗೆ ಅಂಟಿಕೊಂಡು ಬೆಳೆದ ಅಂಚಿನ ದಿಬ್ಬ, ದಂಡೆಯಿಂದ ದೂರದಲ್ಲಿ ಗೋಡೆಯಂತೆ ಹಬ್ಬಿದ ತಡೆದಿಬ್ಬ, ನಡುವೆ ಕೊಳವನ್ನಿಟ್ಟುಕೊಂಡ ಉಂಗುರದಿಬ್ಬ ಎಂಬ ಮೂರು ಬಗೆಗಳನ್ನೂ, 1842ರಲ್ಲಿ ಚಾರ್ಲ್ಸ್ ಡಾರ್ವಿನ್ ಅವುಗಳ ಹುಟ್ಟಿಗೆ ಕೊಟ್ಟ ವಿವರಣೆಯನ್ನೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಹವಳ ಬೆಳೆಯಲು ಬೇಕಾದ ಅನುಕೂಲಗಳ ಪಟ್ಟಿಯೂ ನಮಗೆ ಗೊತ್ತು: ನೀರು ಬೆಚ್ಚಗಿರಬೇಕು, ಉಪ್ಪಾಗಿರಬೇಕು, ತಿಳಿಯಾಗಿರಬೇಕು, ಆಳ ಹೆಚ್ಚಿರಬಾರದು. ಇವನ್ನು ಬರೆದು ಅಂಕ ಗಳಿಸಿದ ನಮ್ಮಲ್ಲಿ ಕಡೆಯ ಎರಡು ನಿಬಂಧನೆಗಳು ಏಕೆ ಎಂದು ಕೇಳಿದವರು ಎಷ್ಟು ಮಂದಿ? ಹವಳ ಒಂದು ಪ್ರಾಣಿ. ಪ್ರಾಣಿಗೆ ತಿಳಿನೀರಿನ ಹಂಗೇಕೆ? ಆಳದ ಅಂಜಿಕೆಯೇಕೆ?

ಉತ್ತರ ಒಂದೇ ಮಾತಿನದು: ಬೆಳಕು. ಆದರೆ ಆ ಒಂದು ಮಾತಿನೊಳಗೆ ದೊಡ್ಡದೊಂದು ವಿಚಾರವಿದೆ. ಹವಳಕ್ಕೆ ಬೆಳಕು ಬೇಕು ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಯಾವ ಹವಳಕ್ಕೆ, ಎಷ್ಟು, ಯಾವ ಬಣ್ಣದ್ದು, ಎಷ್ಟು ಹೊತ್ತು ಎಂದು ಹೇಳಿದಾಗಲೇ ಮಾತು ಪೂರ್ತಿಯಾಗುವುದು. ಇದನ್ನು ಕಡಲಿಗಿಂತ ಸ್ಪಷ್ಟವಾಗಿ ತೋರಿಸಿಕೊಡುವ ಸ್ಥಳವೊಂದಿದೆ. ಅದು ಗಾಜಿನ ತೊಟ್ಟಿ. ಯುರೋಪು, ಅಮೆರಿಕ, ಜಪಾನುಗಳ ಮತ್ಸ್ಯಾಲಯಗಳಲ್ಲಿಯೂ ಹವ್ಯಾಸಿಗಳ ಮನೆಗಳಲ್ಲಿಯೂ ಉಪ್ಪುನೀರು ತುಂಬಿದ ತೊಟ್ಟಿಗಳಲ್ಲಿ ಜೀವಂತ ಹವಳಗಳನ್ನು ಸಾಕುತ್ತಾರೆ. ಹಲವು ಜಾತಿಯ ಹವಳಗಳನ್ನು ಒಂದೇ ತೊಟ್ಟಿಯಲ್ಲಿ ಸಾಕುವ ಮಿಶ್ರ ತೊಟ್ಟಿಯಲ್ಲಿ ಬೆಳಕಿನ ಹಂಚಿಕೆಯೇ ದೊಡ್ಡ ಸಮಸ್ಯೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಓದಿ ತಿಳಿದುದನ್ನು ನನಗೆ ಅರ್ಥವಾದ ಕ್ರಮದಲ್ಲಿ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಮೊದಲು ಹವಳವೆಂದರೇನೆಂದು ನೋಡೋಣ. ನಾವು ಆಭರಣದಂಗಡಿಯಲ್ಲಿ ಕಾಣುವ ಕೆಂಪು ಹವಳ ಒಂದು ಜಾತಿಯ ಪ್ರಾಣಿಯ ಎಲುಬು ಮಾತ್ರ. ಜೀವಂತ ಹವಳವೆಂದರೆ ಪಾಲಿಪ್ ಎಂಬ ಮೆತ್ತನೆಯ ಸಣ್ಣ ಪ್ರಾಣಿಗಳ ಒಕ್ಕಲು. ಒಂದೊಂದು ಪಾಲಿಪೂ ಒಂದು ಚಿಕ್ಕ ಚೀಲ. ಚೀಲಕ್ಕೊಂದು ಬಾಯಿ, ಬಾಯಿಯ ಸುತ್ತ ಕೈಗಳಂಥ ಎಳೆಗಳು. ಕಲ್ಲುಹವಳಗಳಲ್ಲಿ ಈ ಪ್ರಾಣಿ ತನ್ನ ಬುಡದಲ್ಲಿ ಸುಣ್ಣವನ್ನು ಇಳಿಸುತ್ತ ಮನೆ ಕಟ್ಟುತ್ತದೆ. ಇಂಥ ಕೋಟ್ಯಂತರ ಮನೆಗಳು ಸಾವಿರಾರು ವರ್ಷ ಒಂದರ ಮೇಲೊಂದು ಬೆಳೆದುದೇ ನಮ್ಮ ಪಠ್ಯಪುಸ್ತಕದ ಹವಳದ ದಿಬ್ಬ.

ಆದರೆ ಈ ಮನೆಯೊಳಗೆ ಇನ್ನೊಬ್ಬ ಒಕ್ಕಲಿಗನಿದ್ದಾನೆ. ಪಾಲಿಪಿನ ಮಾಂಸದ ಕೋಶಗಳೊಳಗೆ ಕಂದುಬಣ್ಣದ ಏಕಕೋಶದ ಪಾಚಿಗಳು ವಾಸಿಸುತ್ತವೆ. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಹತ್ತು ಲಕ್ಷಕ್ಕೂ ಮಿಗಿಲಾಗಿ ಇವು ಇರುವುದುಂಟು. 1962ರಲ್ಲಿ ಫ್ರಾಯ್ಡೆಂತಾಲ್ ಎಂಬ ಶಾಸ್ತ್ರಜ್ಞರು ಇವುಗಳಿಗೆ ಸಿಂಬಯೋಡೀನಿಯಮ್ ಎಂಬ ಹೆಸರಿಟ್ಟರು. ಅಲ್ಲಿ ಇರುವುದು ಒಂದೇ ಜಾತಿಯಲ್ಲ, ಒಂದು ದೊಡ್ಡ ಮನೆತನವೇ ಎಂಬುದು ಈಚೆಗೆ ತಿಳಿದುಬಂದಿದೆ. ಈ ಪಾಚಿ ಹಸುರು ಗಿಡದಂತೆ ಬೆಳಕಿನ ಬಲದಿಂದ ಅಂಗಾರಾಮ್ಲ ವಾಯುವನ್ನೂ ನೀರನ್ನೂ ಕೂಡಿಸಿ ಸಕ್ಕರೆಯನ್ನು ತಯಾರಿಸುತ್ತದೆ. ತಯಾರಾದುದರಲ್ಲಿ ಬಹುಭಾಗವನ್ನು ಆಶ್ರಯ ಕೊಟ್ಟ ಪ್ರಾಣಿಗೇ ಬಿಟ್ಟುಕೊಡುತ್ತದೆ. ಪ್ರಾಣಿಯಾದರೋ ಪಾಚಿಗೆ ಮನೆಯನ್ನೂ, ತನ್ನ ಉಸಿರಿನ ಅಂಗಾರಾಮ್ಲವನ್ನೂ, ತನ್ನ ಮೈಯ ಕಸದಲ್ಲಿರುವ ಸಾರಜನಕವನ್ನೂ ಗೊಬ್ಬರವಾಗಿ ಕೊಡುತ್ತದೆ. ಇದು ಭೂಮಿಯ ಮೇಲಿನ ಹಳೆಯ ಸಹಕಾರ ಸಂಘಗಳಲ್ಲೊಂದು.

ಈ ಸಂಘದ ವ್ಯವಹಾರವನ್ನು ಅರಿಯಲು ತುಂಬ ಪ್ರಯತ್ನಗಳು ನಡೆದಿವೆ. 1928-29ರಲ್ಲಿ ಸಿ. ಎಂ. ಯಂಗ್ ಅವರ ನಾಯಕತ್ವದಲ್ಲಿ ಬ್ರಿಟಿಷ್ ಶಾಸ್ತ್ರಜ್ಞರ ತಂಡವೊಂದು ಆಸ್ಟ್ರೇಲಿಯದ ಮಹಾ ತಡೆದಿಬ್ಬದ ಲೋ ಐಲ್ಸ್ ಎಂಬ ದ್ವೀಪದಲ್ಲಿ ಬೀಡುಬಿಟ್ಟು ಅಭ್ಯಾಸ ನಡೆಸಿತು. ಅವರು ಹವಳಗಳನ್ನು ಬೆಳಕು ನುಸುಳದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟು ನೋಡಿದರು. ಕತ್ತಲಲ್ಲಿ ಪಾಚಿ ಕಳೆದುಹೋಗಿ ಹವಳ ಬಿಳಿಚಿಕೊಂಡಿತು. ಆದರೂ ಆಹಾರ ದೊರೆತಾಗ ಪ್ರಾಣಿ ಒಡನೆ ಸಾಯಲಿಲ್ಲ. ಹವಳ ಎಳೆಗಳನ್ನು ಚಾಚಿ ಕಡಲಿನ ಅತಿಸಣ್ಣ ಜೀವಿಗಳನ್ನು ಹಿಡಿದು ತಿನ್ನುವುದೂ ಉಂಟಷ್ಟೆ. ಹಾಗಾದರೆ ಪಾಚಿಯ ದುಡಿಮೆ ಎಷ್ಟು, ಬೇಟೆಯ ಗಳಿಕೆ ಎಷ್ಟು ಎಂಬ ಚರ್ಚೆ ಬಹಳ ಕಾಲ ನಡೆಯಿತು. ಬೆಳಕಿರುವ ಮೇಲ್ನೀರಿನಲ್ಲಿ ಬಾಳುವ ಹವಳಗಳ ಶಕ್ತಿಯ ಬಹುಪಾಲು ಪಾಚಿಯಿಂದಲೇ ಬರುವುದೆಂದು ಈಗ ಸಿದ್ಧವಾಗಿದೆ. ಸುಣ್ಣದ ಮನೆ ಕಟ್ಟುವ ಕೆಲಸವೂ ಕತ್ತಲಿಗಿಂತ ಬೆಳಕಿನಲ್ಲಿ ಸರಾಸರಿ ಮೂರು ಪಟ್ಟು ಚುರುಕಾಗಿ ನಡೆಯುತ್ತದೆ. ಆದುದರಿಂದ ಹವಳಕ್ಕೆ ಬೆಳಕೆಂದರೆ ಬರಿಯ ಕಾಣುವ ಸಾಧನವಲ್ಲ. ಅದು ಅನ್ನ.

ಅನ್ನವಾದರೆ ಹೆಚ್ಚು ಬಡಿಸಿದಷ್ಟೂ ಒಳ್ಳೆಯದಲ್ಲವೆ? ಇಲ್ಲಿಯೇ ಮುಖ್ಯವಾದ ತಿರುವಿರುವುದು. ಬೆಳಕು ತೀರ ಕಡಿಮೆಯಿದ್ದಾಗ ಪಾಚಿ ತಯಾರಿಸುವುದಕ್ಕಿಂತ ಪಾಚಿಯೂ ಪ್ರಾಣಿಯೂ ಸೇರಿ ಉಸಿರಾಟಕ್ಕೆ ಖರ್ಚುಮಾಡುವುದೇ ಹೆಚ್ಚು. ಬೆಳಕು ಏರುತ್ತ ಹೋದಂತೆ ಆದಾಯ ವೆಚ್ಚಗಳು ಸರಿದೂಗುವ ಒಂದು ಹಂತ ಬರುತ್ತದೆ. ಅದರ ಮೇಲಿನದೆಲ್ಲ ಉಳಿತಾಯ. ಇನ್ನೂ ಏರಿದರೆ, ಎಷ್ಟು ಬೆಳಕು ಸುರಿದರೂ ಪಾಚಿಯ ತಯಾರಿಕೆ ಹೆಚ್ಚದ ಮತ್ತೊಂದು ಹಂತ ಬರುತ್ತದೆ. ಕಾರ್ಖಾನೆಯ ಯಂತ್ರಗಳೆಲ್ಲ ತುಂಬು ವೇಗದಲ್ಲಿ ಓಡುತ್ತಿರುವಾಗ ಇನ್ನಷ್ಟು ಹತ್ತಿ ತಂದು ಸುರಿದರೆ ಬಟ್ಟೆ ಹೆಚ್ಚುವುದಿಲ್ಲ. ಅಂಗಳ ಕಟ್ಟಿಕೊಳ್ಳುತ್ತದೆ ಅಷ್ಟೆ. ಪಾಚಿಯಲ್ಲಾದರೋ ಅಂಗಳ ಕಟ್ಟಿಕೊಂಡಷ್ಟಕ್ಕೆ ಮುಗಿಯುವುದಿಲ್ಲ. ಬಳಸಲಾಗದ ಬೆಳಕಿನ ಶಕ್ತಿ ಆಮ್ಲಜನಕವನ್ನು ಉಗ್ರರೂಪಕ್ಕೆ ತಿರುಗಿಸುತ್ತದೆ. ಅದು ಪಾಚಿಯ ಯಂತ್ರವನ್ನೂ ಪ್ರಾಣಿಯ ಕೋಶವನ್ನೂ ಸುಡುತ್ತದೆ. ಆಗ ಹವಳ ಪಾಚಿಯನ್ನು ಹೊರದೂಡುತ್ತದೆ. ಕಂದುಬಣ್ಣ ಹೋಗಿ ಒಳಗಿನ ಬಿಳಿ ಸುಣ್ಣ ಕಾಣಿಸತೊಡಗುತ್ತದೆ. ಇದನ್ನೇ ಹವಳ ಬಿಳಿಚಿಕೊಳ್ಳುವುದು ಎನ್ನುತ್ತಾರೆ. ಪಾಚಿ ಬೇಗನೆ ಮರಳಿ ಬಾರದಿದ್ದರೆ ಹವಳ ಹಸಿವಿನಿಂದ ಸಾಯುತ್ತದೆ. ಅನ್ನವೇ ಅತಿಯಾಗಿ ಹಸಿವನ್ನು ತರುವುದು ಹೀಗೆ.

ಕಡಲಿನಲ್ಲಿ ಈ ತೊಡಕನ್ನು ಸ್ಥಳವೇ ಬಿಡಿಸಿದೆ. ಅಲೆ ಒಡೆಯುವ ದಿಬ್ಬದ ನೆತ್ತಿಯ ಮೇಲೆ ಉಷ್ಣವಲಯದ ಸೂರ್ಯ ನೇರವಾಗಿ ಬೀಳುತ್ತಾನೆ. ಜಿಂಕೆಯ ಕೊಂಬಿನಂತೆ ಕವಲೊಡೆಯುವ ಅಕ್ರೊಪೋರಾ ಜಾತಿಯ ಅನೇಕ ಹವಳಗಳು ಅಲ್ಲಿಯವು. ಇವುಗಳ ಪಾಲಿಪುಗಳು ಸಣ್ಣವು. ಇಳಿಜಾರಿನಲ್ಲಿ ಕೆಳಗಿಳಿದಂತೆ, ಕೆಸರು ಕೂಡಿದ ಒಳಕೊಲ್ಲಿಗಳಿಗೆ ಹೋದಂತೆ, ಬೆಳಕು ಮಂದವಾಗುತ್ತದೆ. ಅಲ್ಲಿ ದೊಡ್ಡ ಪಾಲಿಪಿನ, ಉದ್ದ ಎಳೆಗಳನ್ನು ಬಳುಕಿಸುವ ಯೂಫಿಲ್ಲಿಯಾದಂಥ ಹವಳಗಳು ಕಾಣಸಿಗುತ್ತವೆ. ಬಂಡೆಯ ನೆರಳಿನಲ್ಲಿ ಡಿಸ್ಕೊಸೋಮಾ ಎಂಬ, ಅಣಬೆಯ ತಲೆಯಂತೆ ಚಪ್ಪಟೆಯಾಗಿ ಹರಡುವ, ಕಲ್ಲಿನ ಮನೆ ಕಟ್ಟದ ಹವಳದ ದಾಯಾದಿಗಳು ನೆಲೆಸುತ್ತವೆ. ಎಲೆಯಂತೆ ತೆಳ್ಳಗೆ ಹರಡುವ ಲೆಪ್ಟೊಸೆರಿಸ್ ಎಂಬ ಹವಳವಂತೂ 100 ಮೀಟರಿಗೂ ಆಳದಲ್ಲಿ, ಮನುಷ್ಯನ ಕಣ್ಣಿಗೆ ನೀಲಿ ಮಬ್ಬಲ್ಲದೆ ಬೇರೇನೂ ತೋರದ ಕಡೆ, ಪಾಚಿಯನ್ನಿಟ್ಟುಕೊಂಡೇ ಬದುಕುತ್ತದೆ. ಗುಹೆಗಳ ಚಾವಣಿಯಲ್ಲಿ ತಲೆಕೆಳಗಾಗಿ ನೇತಾಡುವ ಟ್ಯೂಬಾಸ್ಟ್ರಿಯಾ ಎಂಬ ಕಿತ್ತಳೆಬಣ್ಣದ ಹವಳಕ್ಕೆ ಪಾಚಿಯೇ ಇಲ್ಲ, ಬೆಳಕೂ ಬೇಡ. ಹಿಡಿದು ತಿನ್ನುವುದೇ ಅದರ ಬಾಳು. ವಿನೋದವೆಂದರೆ ಹವ್ಯಾಸಿಗಳು ಅದನ್ನೇ ಸೂರ್ಯಹವಳವೆಂದು ಕರೆಯುತ್ತಾರೆ!

ಮಿಶ್ರ ತೊಟ್ಟಿಯೆಂದರೆ ಇಷ್ಟು ಆಳಗಳ, ಇಷ್ಟು ನೆರಳುಗಳ ನಿವಾಸಿಗಳನ್ನು ಎರಡಡಿ ನೀರಿನೊಳಗೆ ಒಂದೇ ದೀಪದ ಕೆಳಗೆ ತಂದಿಡುವುದು. ಎಲ್ಲಕ್ಕೂ ಸಮಪಾಲು ಬೆಳಕು ಕೊಟ್ಟರೆ ನೆತ್ತಿಯ ಹವಳ ಹಸಿಯುತ್ತದೆ, ನೆರಳಿನ ಹವಳ ಸುಡುತ್ತದೆ. ಇಲ್ಲಿ ಬೇಕಾದುದು ಸಮಪಾಲಲ್ಲ, ತಕ್ಕ ಪಾಲು.

ತಕ್ಕ ಪಾಲು ಕೊಡಬೇಕಾದರೆ ಮೊದಲು ಅಳೆಯಬೇಕು. ಅಳೆಯುವುದಕ್ಕೆ ನಮ್ಮ ಕಣ್ಣು ತೀರ ನಂಬಲಾರದ ಸಾಧನ. ಮೋಡವಿಲ್ಲದ ಮಧ್ಯಾಹ್ನದ ಅಂಗಳಕ್ಕೂ ದೀಪ ಹಚ್ಚಿದ ಕೊಠಡಿಗೂ ನೂರಾರು ಪಟ್ಟು ಅಂತರವಿದ್ದರೂ ಕಣ್ಣು ಬೆಳಕಿಗೆ ಹೊಂದಿಕೊಂಡು ಆ ಅಂತರವನ್ನು ನಮ್ಮಿಂದ ಮರೆಮಾಡುತ್ತದೆ. ಬಣ್ಣದ ವಿಷಯದಲ್ಲಿಯೂ ಕಣ್ಣಿಗೆ ಪಕ್ಷಪಾತವಿದೆ. ಹಳದಿಹಸುರು ಬೆಳಕು ಅದಕ್ಕೆ ಬಲು ಪ್ರಕಾಶಮಾನ, ಕಡುನೀಲಿ ಮಂದ. ಲಕ್ಸ್ ಎಂಬ ಮಾನವು ಈ ಕಣ್ಣಿನ ಪಕ್ಷಪಾತವನ್ನೇ ಲೆಕ್ಕಕ್ಕೆ ಹಿಡಿದು ಮಾಡಿದ್ದು. ಓದುವ ಮೇಜಿಗೆ ಅದು ಸರಿ, ಪಾಚಿಗಲ್ಲ. ಅದಕ್ಕಾಗಿ ಶಾಸ್ತ್ರಜ್ಞರು ಪಾರ್ ಎಂಬ ಬೇರೆ ಅಳತೆಯನ್ನು ಬಳಸುತ್ತಾರೆ. ಹಸುರು ಜೀವಿಗಳ ಉಪಯೋಗಕ್ಕೆ ಬರುವ 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಒಂದು ಸೆಕೆಂಡಿನಲ್ಲಿ ಎಷ್ಟು ಬೀಳುತ್ತವೆಂದು ಇದು ಎಣಿಸುತ್ತದೆ. ಎಣಿಕೆ ಮೈಕ್ರೋಮೋಲ್ ಎಂಬ ಮಾನದಲ್ಲಿ. ಉಷ್ಣವಲಯದ ನಡುಹಗಲಿನ ತುಂಬು ಬಿಸಿಲು ಈ ಮಾನದಲ್ಲಿ ಸುಮಾರು 2000.

ತೊಟ್ಟಿಯಲ್ಲಿ ಇಷ್ಟು ಬೇಕಾಗುವುದಿಲ್ಲ. ಸಾಕಿ ಅನುಭವ ಪಡೆದವರು ಹೇಳುವ ಸ್ಥೂಲ ಲೆಕ್ಕ ಹೀಗಿದೆ: ಅಣಬೆ ಹವಳಗಳಿಗೆ 50ರ ಆಸುಪಾಸು ಸಾಕು, 100ರ ಮೇಲೆ ಬೇಡ. ಯೂಫಿಲ್ಲಿಯಾದಂಥ ದೊಡ್ಡ ಪಾಲಿಪಿನ ಹವಳಗಳಿಗೂ ಬಹುಮಟ್ಟಿನ ಮೆತುಹವಳಗಳಿಗೂ 80ರಿಂದ 150. ಅಕ್ರೊಪೋರಾದಂಥವುಗಳಿಗೆ 200ರಿಂದ 400. ಇವು ಗೆರೆ ಕೊರೆದ ಅಂಕಿಗಳಲ್ಲ. ಒಂದೇ ಜಾತಿಯ ಎರಡು ತುಂಡುಗಳಲ್ಲಿ ಒಂದು ಮೇಲ್ನೀರಿನಿಂದ ಬಂದುದು, ಇನ್ನೊಂದು ಆಳದಿಂದ ಬಂದುದು ಆಗಿದ್ದರೆ ಅವುಗಳ ಸಹನೆ ಬೇರೆಬೇರೆಯಾಗಿರುತ್ತದೆ.

ಎಷ್ಟು ಎನ್ನುವುದರ ಬೆನ್ನಿಗೇ ಯಾವ ಬಣ್ಣ ಎಂಬ ಪ್ರಶ್ನೆ ಬರುತ್ತದೆ. ಬಿಸಿಲಿನಲ್ಲಿ ಕಾಮನಬಿಲ್ಲಿನ ಬಣ್ಣಗಳೆಲ್ಲ ಇವೆಯಾದರೂ ನೀರು ಅವನ್ನು ಸಮನಾಗಿ ಒಳಬಿಡುವುದಿಲ್ಲ. ಕೆಂಪು ಕೆಲವೇ ಮೀಟರುಗಳಲ್ಲಿ ಹೀರಿಹೋಗುತ್ತದೆ. ತಿಳಿಗಡಲಿನಲ್ಲಿ ಎಲ್ಲಕ್ಕಿಂತ ಆಳಕ್ಕೆ ಇಳಿಯುವುದು ನೀಲಿ. ಹವಳದ ಪಾಚಿಯ ವರ್ಣದ್ರವ್ಯಗಳು ನೀಲಿ ಬೆಳಕನ್ನು ಚೆನ್ನಾಗಿ ಹಿಡಿಯುವುದು ಈ ಕಾರಣದಿಂದಲೇ. ಹವಳದ ತೊಟ್ಟಿಯ ದೀಪಗಳು ನೀಲಿಯಾಗಿರುವುದು ಬರಿಯ ಅಲಂಕಾರಕ್ಕಲ್ಲವೆಂದು ಇದರಿಂದ ತಿಳಿಯಬಹುದು. ನೀಲಿ ಬೆಳಕಿಗೆ ಇನ್ನೊಂದು ಚಮತ್ಕಾರವೂ ಉಂಟು. ಅನೇಕ ಹವಳಗಳ ಮೈಯಲ್ಲಿರುವ ಕೆಲವು ಪ್ರೋಟೀನುಗಳು ನೀಲಿಯನ್ನು ಹೀರಿ ಹಸುರನ್ನೋ ಕೆಂಪನ್ನೋ ಹೊರಸೂಸುತ್ತವೆ. 1999ರಲ್ಲಿ ಡಿಸ್ಕೊಸೋಮಾದಿಂದ ಬೇರ್ಪಡಿಸಿದ ಇಂಥ ಕೆಂಪು ಪ್ರೋಟೀನು ಇಂದು ಪ್ರಪಂಚದ ಜೀವಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಕೋಶಗಳಿಗೆ ಗುರುತು ಹಚ್ಚುವ ಶಾಯಿಯಾಗಿ ಉಪಯೋಗವಾಗುತ್ತಿದೆ.

ದೀಪಗಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಇಂಡೊನೇಷ್ಯದ ಜಕಾರ್ತಾದಲ್ಲಿ ಲೀ ಚಿನ್ ಎಂಗ್ ಎಂಬವರು ಕಡಲಿನ ಜೀವಂತ ಬಂಡೆ, ಗಾಳಿಯ ಗುಳ್ಳೆ, ಬಿಸಿಲು ಇಷ್ಟನ್ನೇ ನೆಚ್ಚಿಕೊಂಡು ಹವಳ ಸಾಕುವ ಕ್ರಮವನ್ನು 1961ರಲ್ಲಿ ಪ್ರಕಟಪಡಿಸಿದರು. ಜಕಾರ್ತಾದಲ್ಲಿ ಬಿಸಿಲು ಧಾರಾಳ. ಚಳಿನಾಡಿನವರಿಗೆ ಆ ಭಾಗ್ಯವಿಲ್ಲ. ಅವರು ಟ್ಯೂಬ್ ಲೈಟುಗಳನ್ನು ಸಾಲಾಗಿ ಕಟ್ಟಿದರು. ಆಮೇಲೆ ಆಟದ ಮೈದಾನಗಳನ್ನು ಬೆಳಗುವ ಮೆಟಲ್ ಹ್ಯಾಲೈಡ್ ದೀಪಗಳನ್ನು ತಂದರು. ಅವುಗಳ ಬೆಳಕು ಪ್ರಖರ, ಕಾವೂ ಅಷ್ಟೇ ಪ್ರಖರ. ನೀರನ್ನು ತಣ್ಣಗಿಡಲು ಬೇರೆಯೇ ಯಂತ್ರ ಬೇಕಾಗುತ್ತಿತ್ತು. 1993ರಲ್ಲಿ ಜಪಾನಿನ ಶೂಜಿ ನಕಮುರಾ ಅವರು ಪ್ರಖರವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದ ಮೇಲೆ ದಾರಿ ಬದಲಾಯಿತು. ಆ ನೀಲಿ ದೀಪದ ಸಾಧನೆಗಾಗಿ ಅಕಾಸಾಕಿ, ಅಮಾನೊ, ನಕಮುರಾ ಮೂವರಿಗೂ 2014ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಒಂದೊಂದು ಬಣ್ಣವನ್ನೂ ಬೇಕಾದಷ್ಟು ಏರಿಸಿ ಇಳಿಸುವ ಅನುಕೂಲ ಇಂದಿನ ಎಲ್‌ಇಡಿ ದೀಪಗಳಲ್ಲಿದೆ. ಅನುಕೂಲದೊಡನೆ ಅಪಾಯವೂ ಇದೆ. ಕಡುನೀಲಿ ಕಣ್ಣಿಗೆ ಮಂದವಾಗಿ ತೋರುವುದರಿಂದ "ಇನ್ನೂ ಸಾಲದು" ಎಂದು ಏರಿಸುತ್ತಲೇ ಹೋಗಿ ಹವಳವನ್ನು ಸುಡುವುದು ಸುಲಭ.

ಇನ್ನು ಹಂಚಿಕೆಯ ಕ್ರಮಕ್ಕೆ ಬರೋಣ. ನಮ್ಮ ಮಲೆನಾಡಿನ ಅಡಕೆಯ ತೋಟವನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅಡಕೆಯ ಮರ ತಲೆಯನ್ನು ಬಿಸಿಲಿಗೆ ಎತ್ತಿ ನಿಲ್ಲುತ್ತದೆ. ಅದರ ಮೈಗೆ ಮೆಣಸಿನ ಬಳ್ಳಿ ಹಬ್ಬುತ್ತದೆ. ಬುಡದ ತಂಪಿನಲ್ಲಿ ಏಲಕ್ಕಿ ಬೆಳೆಯುತ್ತದೆ. ಸೂರ್ಯ ಒಬ್ಬನೇ, ತೋಟ ಒಂದೇ. ಒಂದೊಂದು ಬೆಳೆಗೆ ಸಿಗುವ ಬೆಳಕು ಬೇರೆ. ಏಲಕ್ಕಿಯನ್ನು ಬಯಲಿಗೆ ತಂದು ನೆಟ್ಟು, ಸೂರ್ಯನನ್ನು ತಗ್ಗಿಸೋಣವೆಂದು ಯಾರೂ ಹೊರಡುವುದಿಲ್ಲ. ಏಲಕ್ಕಿಯ ಜಾಗವನ್ನು ಬದಲಿಸುತ್ತಾರೆ. ಮಿಶ್ರ ತೊಟ್ಟಿಯ ಮೊದಲ ಸೂತ್ರವೂ ಇದೇ. ದೀಪವನ್ನು ಒಂದು ಹದಕ್ಕೆ ನಿಲ್ಲಿಸಿ, ಹವಳಗಳ ಜಾಗವನ್ನು ಹುಡುಕಬೇಕು.

ಹದವೆಂದರೆ ಯಾವುದು? ತೊಟ್ಟಿಯಲ್ಲಿ ಬೆಳಕನ್ನು ಅತಿ ಹೆಚ್ಚು ಬೇಡುವ ಹವಳವನ್ನು ಬಂಡೆಯ ತುದಿಯಲ್ಲಿಟ್ಟಾಗ ಅದಕ್ಕೆ ಸಾಕಾಗುವಷ್ಟು, ಅದಕ್ಕಿಂತ ಹೆಚ್ಚಲ್ಲ. ಅಲ್ಲಿಂದ ಕೆಳಗೆ ಬೆಳಕು ತಾನಾಗಿ ಇಳಿಯುತ್ತದೆ. ಒಂದು ಬಿಂದುವಿನಿಂದ ಹೊರಟ ಬೆಳಕು ದೂರ ಇಮ್ಮಡಿಯಾದರೆ ನಾಲ್ಕನೆಯ ಒಂದು ಪಾಲಾಗುತ್ತದೆಂದು ಪ್ರೌಢಶಾಲೆಯಲ್ಲಿ ಕಲಿತಿದ್ದೇವೆ. ತೊಟ್ಟಿಯ ಗಾಜು ಕನ್ನಡಿಯಂತೆ ಬೆಳಕನ್ನು ಒಳಕ್ಕೇ ತಿರುಗಿಸುವುದರಿಂದ ಅಲ್ಲಿ ಇಳಿತ ಅಷ್ಟು ಕಡಿದಾಗಿರುವುದಿಲ್ಲ. ಆದರೂ ತುದಿಯಲ್ಲಿ 300 ಇದ್ದುದು ಮರಳಿನ ಮೇಲೆ 80 ಆಗುವುದು ಅಪರೂಪವಲ್ಲ. ದೀಪದ ನೇರ ಕೆಳಗೊಂದು ಲೆಕ್ಕ, ಮೂಲೆಯಲ್ಲಿ ಇನ್ನೊಂದು. ಬಂಡೆಯ ಚಾಚಿನ ಕೆಳಗೆ 30ಕ್ಕೂ ಇಳಿಯಬಹುದು. ಆದುದರಿಂದ ಬಲ್ಲವರು ಹವಳವನ್ನು ತರುವ ಮೊದಲೇ ಬಂಡೆಗಳನ್ನು ಜೋಡಿಸಿ, ಅಳತೆಯ ಉಪಕರಣವನ್ನು ಮೂಲೆಮೂಲೆಗೂ ಇಳಿಸಿ, ಬೆಳಕಿನ ಒಂದು ನಕ್ಷೆಯನ್ನು ಬರೆದುಕೊಳ್ಳುತ್ತಾರೆ. ಭೂಗೋಳದ ವಿದ್ಯಾರ್ಥಿಗಳಾದ ನಮಗೆ ಸಮಮಳೆರೇಖೆಗಳ ನಕ್ಷೆ ಹೇಗೋ ಅವರಿಗೆ ಇದು ಹಾಗೆ. ತುದಿಯಲ್ಲಿ ಅಕ್ರೊಪೋರಾ, ನಡುಮಟ್ಟದ ಚಾಚುಗಳಲ್ಲಿ ಮೆತುಹವಳ, ಕೆಳಗೆ ಯೂಫಿಲ್ಲಿಯಾ, ನೆರಳಿನಲ್ಲಿ ಅಣಬೆ ಹವಳ ಎಂಬ ವ್ಯವಸ್ಥೆ ಆ ನಕ್ಷೆಯಿಂದಲೇ ಹುಟ್ಟುತ್ತದೆ.

ಎರಡನೆಯ ಸೂತ್ರ ನಿಧಾನ. ಹವಳ ತನ್ನ ಪಾಚಿಯ ಸಂಖ್ಯೆಯನ್ನೂ, ಪಾಚಿ ತನ್ನೊಳಗಿನ ವರ್ಣದ್ರವ್ಯವನ್ನೂ ಬೆಳಕಿಗೆ ತಕ್ಕಂತೆ ಹೊಂದಿಸಿಕೊಳ್ಳಬಲ್ಲವು. ಆದರೆ ಅದಕ್ಕೆ ದಿನಗಳಲ್ಲ, ವಾರಗಳು ಬೇಕು. ಹೊಸದಾಗಿ ತಂದ ಹವಳವನ್ನು ಮೊದಲು ತೊಟ್ಟಿಯ ತಳದಲ್ಲಿಟ್ಟು ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಮೇಲೇರಿಸುತ್ತಾರೆ. ಇಲ್ಲವೆ ದೀಪವನ್ನೇ ತಗ್ಗಿಸಿ ಮೆಲ್ಲಗೆ ಏರಿಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ನನ್ನ ತಂದೆ ಅಡಕೆಯ ಸಸಿಯನ್ನು ಮಡಿಯಿಂದ ಕಿತ್ತು ತೋಟಕ್ಕೆ ನೆಡುವಾಗ ಬಾಳೆಯ ನೆರಳನ್ನು ಮೊದಲೇ ಸಿದ್ಧಪಡಿಸಿರುತ್ತಾರೆ. ಪಡುವಣ ಬಿಸಿಲು ಎಳೆಯ ಕಾಂಡವನ್ನು ಸೀಳದಂತೆ ಮರೆ ಕಟ್ಟುತ್ತಾರೆ. ಪಾರ್ ಎಂಬ ಮಾತನ್ನು ಅವರು ಕೇಳಿಲ್ಲ. ಆದರೆ ನೆರಳನ್ನು ಒಮ್ಮೆಗೇ ತೆಗೆಯಬಾರದು ಎಂಬ ತತ್ತ್ವ ಅವರಿಗೆ ಚೆನ್ನಾಗಿ ಗೊತ್ತು. ಲಂಡನ್ನಿನ ಮತ್ಸ್ಯಾಲಯದವರೂ ನಮ್ಮೂರಿನ ತೋಟದವರೂ ಬೇರೆಬೇರೆ ದಾರಿಯಿಂದ ಬಂದು ಸೇರುವ ಜಾಗ ಇದು.

ನಿಧಾನದ ನಿಯಮವನ್ನು ತಿಳಿಯದೆಯೇ ಮುರಿಯುವ ಸಂದರ್ಭಗಳೂ ಇವೆ. ಟ್ಯೂಬ್ ಲೈಟು ವರ್ಷದಲ್ಲಿ ಸವೆದು ಮಂಕಾಗಿರುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಒಂದು ದಿನ ಹೊಸ ಟ್ಯೂಬು ಹಾಕಿದೊಡನೆ ಬೆಳಕು ಥಟ್ಟನೆ ಏರಿ ಹವಳ ಬಿಳಿಚಿಕೊಳ್ಳುತ್ತದೆ. ತೊಟ್ಟಿಯ ನೀರು ತಿಂಗಳುಗಳಲ್ಲಿ ನಸುಹಳದಿಯಾಗುತ್ತದೆ. ಆ ಹಳದಿ ನೀಲಿ ಬೆಳಕನ್ನು ತಡೆಯುತ್ತಿರುತ್ತದೆ. ನೀರನ್ನು ತಿಳಿಗೊಳಿಸಲು ಇದ್ದಿಲ ಪುಡಿಯ ಸೋಸುಕವನ್ನು ಒಮ್ಮೆಗೇ ಹಾಕಿದರೆ ಪರದೆ ಸರಿದಂತಾಗಿ ದೀಪ ಬದಲಾಯಿಸದೆಯೇ ಬೆಳಕು ಹೆಚ್ಚುತ್ತದೆ. ಒಳ್ಳೆಯದನ್ನು ಮಾಡಹೋಗಿ ಕೆಡುಕು ತಂದುಕೊಳ್ಳುವುದೆಂದರೆ ಇದೇ.

ಮೂರನೆಯ ಸೂತ್ರ ಕಾಲ. ಉಷ್ಣವಲಯದ ಹಗಲು ಸುಮಾರು 12 ಗಂಟೆ. ತೊಟ್ಟಿಯಲ್ಲಿ 8ರಿಂದ 12 ಗಂಟೆ ಬೆಳಕು ಕೊಡುವುದು ರೂಢಿ. ಬೆಳಗ್ಗೆ ಮೆಲ್ಲಗೆ ಏರಿ ಸಂಜೆ ಮೆಲ್ಲಗೆ ಇಳಿಯುವಂತೆ ದೀಪವನ್ನು ಹೊಂದಿಸುತ್ತಾರೆ. ಇಮ್ಮಡಿ ಬೆಳಕನ್ನು ಅರ್ಧ ಕಾಲ ಕೊಟ್ಟರೆ ಲೆಕ್ಕ ಸರಿಹೋಗುತ್ತದೆಂದು ಭಾವಿಸಬಾರದು. ಎರಡು ದಿನದ ಊಟವನ್ನು ಒಂದೇ ಹೊತ್ತಿಗೆ ಉಣ್ಣಲಾಗದಂತೆ ಪಾಚಿಯೂ ತನ್ನ ಮಿತಿಯ ಆಚೆಗಿನ ಬೆಳಕನ್ನು ಉಣ್ಣಲಾರದು. ರಾತ್ರಿಯ ಕತ್ತಲೂ ಹಗಲಿನಷ್ಟೇ ಮುಖ್ಯ. ಬಹಳಷ್ಟು ಹವಳಗಳು ಬೇಟೆಗೆ ಕೈಚಾಚುವುದು ಆಗಲೇ.

ಹಂಚಿಕೆ ಸರಿಯಾಗಿದೆಯೇ ಎಂಬುದನ್ನು ಕಡೆಗೆ ಹೇಳಬೇಕಾದುದು ಹವಳವೇ. ಬೆಳಕು ಸಾಲದಾದಾಗ ಪಾಚಿ ಹೆಚ್ಚಿ ಹವಳದ ಬಣ್ಣಗಳು ಕಂದಿನಲ್ಲಿ ಮುಳುಗುತ್ತವೆ. ಮೆತ್ತಗಿನ ಜಾತಿಗಳು ದೀಪದ ಕಡೆಗೆ ಕತ್ತು ಉದ್ದಮಾಡುತ್ತವೆ. ಬೆಳಕು ಅತಿಯಾದಾಗ ಪಾಲಿಪುಗಳು ಮುದುಡುತ್ತವೆ. ಮೇಲ್ಮುಖವಾದ ಭಾಗ ಮೊದಲು ಬಿಳಿಚುತ್ತದೆ, ನೆರಳಿನಲ್ಲಿರುವ ಬುಡದಲ್ಲಿ ಬಣ್ಣ ಉಳಿದಿರುತ್ತದೆ. ಬುಡದಿಂದ ಮಾಂಸವೇ ಕಳಚಿ ಬಂದರೆ ಅದು ಬೆಳಕಿನದೇ ದೋಷವಾಗಿರಬೇಕಿಲ್ಲ. ಬೇರೆ ಕಾರಣವನ್ನೂ ಹುಡುಕಬೇಕು. ಬೆಳಕೊಂದೇ ಎಲ್ಲವೂ ಅಲ್ಲವೆಂಬುದನ್ನೂ ನೆನಪಿಡಬೇಕು. ಬೆಳಕು ಹೆಚ್ಚಿಸಿದರೆ ಬೆಳವಣಿಗೆ ಹೆಚ್ಚಿ ನೀರಿನಲ್ಲಿರುವ ಸುಣ್ಣದ ಅಂಶ ಬೇಗನೆ ತೀರುತ್ತದೆ, ಅದನ್ನು ತುಂಬಿಕೊಡಬೇಕು. ನೆರೆಹೊರೆಯ ವ್ಯಾಜ್ಯಗಳೂ ಉಂಟು. ಯೂಫಿಲ್ಲಿಯಾ ರಾತ್ರಿಯಲ್ಲಿ ಉದ್ದ ಎಳೆಗಳನ್ನು ಚಾಚಿ ಪಕ್ಕದ ಹವಳವನ್ನು ಕುಟುಕುತ್ತದೆ. ಕೆಲವು ಮೆತುಹವಳಗಳು ನೀರಿಗೆ ವಿಷ ಬಿಡುತ್ತವೆ. ಒಂದೇ ಬೆಳಕು ಒಪ್ಪುವ ಎರಡನ್ನು ಅಕ್ಕಪಕ್ಕ ಇಡಬಹುದೆಂದು ಇದರಿಂದ ತೀರ್ಮಾನಿಸುವಂತಿಲ್ಲ.

ಇಷ್ಟೆಲ್ಲ ಓದಿದ ಸ್ನೇಹಿತರು, ಎಲ್ಲಿಯೋ ಹಣವಂತರು ಗಾಜಿನ ಪೆಟ್ಟಿಗೆಯಲ್ಲಿ ಆಡುವ ಆಟ ನಮಗೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ದೇಶದ ಮಟ್ಟಿಗೆ ಕಡಲಿನಿಂದ ಹವಳ ತಂದು ಸಾಕುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳೆಲ್ಲವನ್ನೂ ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಅದು ಸರಿಯಾದುದೇ. ಆದರೂ ತೊಟ್ಟಿಯಲ್ಲಿ ಕಲಿತ ಪಾಠ ತೊಟ್ಟಿಯಲ್ಲಿಯೇ ಉಳಿದಿಲ್ಲ.

2014ರಲ್ಲಿ ಅಮೆರಿಕದ ಫ್ಲಾರಿಡಾದ ಕಡಲಿನಲ್ಲಿ, ಮಯಾಮಿಯ ಸಮೀಪ, ಕಲ್ಲುಹವಳಗಳ ಮಾಂಸವೇ ಕಳಚಿಹೋಗುವ ರೋಗವೊಂದು ಕಾಣಿಸಿಕೊಂಡು ಇಪ್ಪತ್ತಕ್ಕೂ ಹೆಚ್ಚು ಜಾತಿಗಳಿಗೆ ಹರಡಿತು. ರೋಗ ತಲುಪುವ ಮೊದಲೇ ಹವಳಗಳನ್ನು ಕಡಲಿನಿಂದ ತೆಗೆದು ದೇಶದ ನಾನಾ ಕಡೆಯ ಮತ್ಸ್ಯಾಲಯಗಳ ತೊಟ್ಟಿಗಳಿಗೆ ಸಾಗಿಸಿದರು. 2023ರ ಬೇಸಗೆಯಲ್ಲಿ ಅಲ್ಲಿಯ ನೀರು ವಿಪರೀತ ಕಾದಾಗ ಕಡಲಿನೊಳಗಿನ ಹವಳದ ಮಡಿಗಳಿಂದ ಸಾವಿರಾರು ಸಸಿಗಳನ್ನು ಅವಸರದಿಂದ ದಡದ ಮೇಲಿನ ತೊಟ್ಟಿಗಳಿಗೆ ತಂದರು. ಎಷ್ಟೋ ಜಾತಿಗಳು ಒಟ್ಟಿಗೆ ಬಂದಾಗ ಯಾವುದಕ್ಕೆ ಎಷ್ಟು ಬೆಳಕು ಎಂಬುದು ಹವ್ಯಾಸದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಜೀವ ಮರಣದ ಪ್ರಶ್ನೆಯಾಗುತ್ತದೆ.

ಹವಳ ಹೆರುವುದಕ್ಕೂ ಬೆಳಕಿನ ನಂಟಿದೆ. ಆಸ್ಟ್ರೇಲಿಯದ ಮಹಾ ತಡೆದಿಬ್ಬದಲ್ಲಿ ನೂರಾರು ಮೈಲಿ ಉದ್ದಕ್ಕೂ ಅನೇಕ ಜಾತಿಯ ಹವಳಗಳು ವರ್ಷದಲ್ಲಿ ಹುಣ್ಣಿಮೆಯ ನಂತರದ ಕೆಲವೇ ರಾತ್ರಿಗಳಲ್ಲಿ ಒಟ್ಟಾಗಿ ಮೊಟ್ಟೆ ಬಿಡುತ್ತವೆಂಬುದನ್ನು 1984ರಲ್ಲಿ ಪ್ರಕಟವಾದ ಸಂಶೋಧನೆ ಜಗತ್ತಿಗೆ ತಿಳಿಸಿತು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿ ಜೇಮಿ ಕ್ರ್ಯಾಗ್ಸ್ ಮತ್ತು ಅವರ ಸಂಗಡಿಗರು ತೊಟ್ಟಿಯ ಮೇಲೆ ದೀಪಗಳಿಂದಲೇ ದೂರದ ಕಡಲಿನ ಹಗಲುಗಳನ್ನೂ ಋತುಗಳನ್ನೂ ಹುಣ್ಣಿಮೆ ಅಮಾವಾಸ್ಯೆಗಳನ್ನೂ ನಡೆಸಿ ಹವಳಗಳು ಮೊಟ್ಟೆ ಬಿಡುವಂತೆ ಮಾಡಿದ ಕ್ರಮವನ್ನು 2017ರಲ್ಲಿ ಪ್ರಕಟಿಸಿದರು. ಅವರ ಸಹಕಾರದಿಂದ 2019ರಲ್ಲಿ ಫ್ಲಾರಿಡಾ ಮತ್ಸ್ಯಾಲಯದಲ್ಲಿ, ಕಡಲಿನಲ್ಲಿ ಅಳಿವಿನ ಅಂಚಿಗೆ ಬಂದ ಕಂಬಹವಳ ಮೊಟ್ಟೆ ಬಿಟ್ಟಿತು. ಹವಳದ ದಿಬ್ಬವೇ ಇಲ್ಲದ ಲಂಡನ್ನಿನಲ್ಲಿ ಬೆಳಕಿನ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟವರಿಂದ ಅಟ್ಲಾಂಟಿಕಿನ ಹವಳಕ್ಕೆ ಸಂತಾನದ ಆಸೆ ದೊರೆಯಿತು.

ನಮಗೂ ಇದರ ಸಂಬಂಧ ದೂರದ್ದೇನಲ್ಲ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ದೋಣಿಯಲ್ಲಿ ಹೊರಟರೆ ಸಿಗುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅರಬ್ಬೀ ಸಮುದ್ರದಲ್ಲಿ ಇನ್ನೂ ದೂರ ಹೋದರೆ ಲಕ್ಷದ್ವೀಪ ಪೂರ್ತಿ ಹವಳದ್ದೇ ನಾಡು. 1998, 2010, 2016, 2024ರಲ್ಲಿ ಕಡಲು ಕಾದಾಗ ಅಲ್ಲಿಯ ಹವಳಗಳು ಬಿಳಿಚಿಕೊಂಡವು. 2024ರ ಏಪ್ರಿಲಿನಲ್ಲಿ ಜಗತ್ತಿನ ಹವಳಗಳಿಗೆ ನಾಲ್ಕನೆಯ ಸಾರ್ವತ್ರಿಕ ಬಿಳಿಚುವಿಕೆ ಬಂದಿದೆಯೆಂದು ಶಾಸ್ತ್ರಜ್ಞರು ಸಾರಿದರು. ನೀರಿನ ಕಾವೇ ಇದಕ್ಕೆ ಮೂಲವೆನ್ನುವುದು ನಿಜ. ಆದರೆ ಕಾವೇರಿದ ಪಾಚಿಯ ಯಂತ್ರ ಬೆಳಕನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನಿನ್ನೆಯವರೆಗೆ ಅನ್ನವಾಗಿದ್ದ ಅದೇ ಬಿಸಿಲು ಇಂದು ಬೆಂಕಿಯಾಗುತ್ತದೆ. ಸೂರ್ಯ ಹೆಚ್ಚಿಲ್ಲ, ಹವಳದ ಸಹನೆ ತಗ್ಗಿದೆ. ತೊಟ್ಟಿಯಲ್ಲಿ ದೀಪವನ್ನು ತಗ್ಗಿಸಬಹುದು, ಹವಳವನ್ನು ಕೆಳಕ್ಕೆ ಸರಿಸಬಹುದು. ಕಡಲಿಗೆ ಚಪ್ಪರ ಹಾಕುವವರಾರು? ಬುಡಕ್ಕೆ ಬೇರೂರಿದ ಹವಳ ಏಲಕ್ಕಿಯಂತೆ ನೆರಳಿಗೆ ನಡೆದುಹೋಗಲಾರದು. ಅದರ ಪಾಲಿಗೆ ಉಳಿದಿರುವ ದಾರಿ ಒಂದೇ: ಕಡಲು ಇನ್ನೂ ಕಾಯದಂತೆ ಮನುಷ್ಯ ತನ್ನ ಹೊಗೆಯನ್ನು ತಗ್ಗಿಸುವುದು.

ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ "ತಿಳಿಯಾದ, ಆಳವಿಲ್ಲದ ನೀರು" ಎಂದು ಬರೆಯುವಾಗ ಇನ್ನು ಮೇಲೆ ನಾವು ಇಷ್ಟನ್ನಾದರೂ ಮನಸ್ಸಿನಲ್ಲಿ ಸೇರಿಸಿಕೊಳ್ಳಬಹುದು. ಆ ನಾಲ್ಕು ಮಾತುಗಳ ಹಿಂದೆ ಒಂದು ಪ್ರಾಣಿಯೂ ಒಂದು ಪಾಚಿಯೂ ಕೂಡಿ ಬಾಳುವ ಸಂಸಾರವಿದೆ. ಆ ಸಂಸಾರಕ್ಕೆ ಬೇಕಾದುದು ಹೆಚ್ಚು ಬೆಳಕಲ್ಲ, ಕಡಿಮೆ ಬೆಳಕೂ ಅಲ್ಲ. ಅದರದರ ನೆಲೆಗೆ ತಕ್ಕ ಬೆಳಕು, ಮತ್ತು ಬದಲಾವಣೆಗೆ ಹೊಂದಿಕೊಳ್ಳಲು ಒಂದಿಷ್ಟು ಕಾಲ.